ಗಟ್ಟಿ ನರದ ನೀಲವ್ವ ಕಾಕು

ನೀಲವ್ವ ಕಾಕು ಯಾರನ್ನೂ 'ಆರಾಮ ಅದೀರೇನು' ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕವರ ರಟ್ಟೆಗೆ ನೇರ ಕೈ ಹಾಕಿ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಎರಡು ಬೆರಳಲ್ಲಿ ಒತ್ತಿ, "ಗಟ್ಟಿ ಅದೀ ಇಲ್ಲೋ?" ಎನ್ನುವರು. ಓಟು ಕೇಳಲು ಬಂದವರ ರಟ್ಟೆಯನ್ನೂ ಒತ್ತಿದ್ದರು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನದನ್ನೂ ಒತ್ತಿದ್ದರು. ಸಿಲಿಂಡರಿನವನು ಪಾಸಾಗಿದ್ದ, ಓಟಿನವರು ಆಗಿರಲಿಲ್ಲ. ನಾನಂತೂ ಒಂದು ಸಲವೂ ಪಾಸಾದವಳಲ್ಲ. "ಏನ ಶೋಭಾ, ಇಡ್ಲಿ ಆಗೀಯಲ್ಲ ನೀ!" ಎಂದು ಮೆಟ್ಟಿಲ ಮೇಲೆ ನಿಂತು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಅಂದು ಹೋಗುವರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಆ ಸಿಟ್ಟನ್ನು ಕನ್ನಡದಲ್ಲಿ ತೀರಿಸಿಕೊಳ್ಳಬಹುದಿತ್ತಲ್ಲ, ಅದೇ ದೊಡ್ಡ ಸುಖ.

ಯಾಕೆಂದರೆ ಈ ತೆಲುಗು ಮಹಾನಗರದಲ್ಲಿ, ತಾರ್ನಾಕ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕನ್ನಡ ಆಡುವವು ಎರಡೇ ಮನೆ. ಕೆಳಗೆ ನಾವು, ಗದಗಿನ ಕಡೆಯವರು. ಎರಡನೆಯ ಅಂತಸ್ತಿನಲ್ಲಿ ಮುದ್ದೇಬಿಹಾಳದ ಕಡೆಯ ನೀಲವ್ವ ಕಾಕು ಮತ್ತು ಅವರ ಯಜಮಾನರು ಸಂಗಪ್ಪ ಕಾಕಾ. ರಕ್ತಸಂಬಂಧವೇನೂ ಇಲ್ಲ. ಊರ ಕಡೆಯ ಮಾತು ಕೇಳಿದ ದಿನವೇ ನಾನು 'ಕಾಕು' ಎಂದೆ, ಅವರು 'ಏ ಹುಡುಗಿ' ಎಂದರು, ಅಲ್ಲಿಗೆ ಸಂಬಂಧ ಕೂಡಿತು. ನಾನು ಹಗಲೆಲ್ಲ ವಿಮೆ ಆಫೀಸಿನಲ್ಲಿ ತೆಲುಗಿಗೆ ಹಿಂದಿ ಬೆರೆಸಿ ಮಾತಾಡಿ ನಾಲಿಗೆ ದಣಿದು ಬರುತ್ತಿದ್ದೆ. ನಮ್ಮವರು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ಬಸ್ಸು ಹಿಡಿದು ಮನೆ ಮುಟ್ಟುವುದು ಊಟದ ಹೊತ್ತಿಗೆ. ನಡುವಿನ ಸಂಜೆ ಪೂರ್ತಿ ಕಾಕುವಿನದು. ನಾನು ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

ಸಂಗಪ್ಪ ಕಾಕಾಗೆ ನಾಚಾರಂನಲ್ಲಿ ಕಬ್ಬಿಣದ ಕಪಾಟು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಕಾಕು ಹೊಸ ಮದುಮಗಳಾಗಿ ಈ ಊರಿಗೆ ಬಂದವರು. ಕಾಕಾ ದಿನವಿಡೀ ತಗಡು ಬಡಿದು ಬಡಿದು ಕಿವಿ ಮಂದ ಮಾಡಿಕೊಂಡರು. ಕಾಕು ಇಳಕಲ್ಲ ಸೀರೆಯ ಗಂಟು ಬಗಲಿಗೇರಿಸಿ ಮನೆಮನೆ ಮಾರುತ್ತ ಊರೆಲ್ಲ ತಿರುಗಿದರು. ತಾರ್ನಾಕದಿಂದ ನಾಚಾರಂ, ನಾಚಾರಂನಿಂದ ಇನ್ನೆಲ್ಲಿಗೋ, ಎಲ್ಲ ಕಾಲ್ನಡಿಗೆ. ಬಸ್ಸು ಹತ್ತಿದರೆ ಗಿರಾಕಿ ತಪ್ಪುತ್ತಾರೆ ಎನ್ನುವುದು ಅವರ ಲೆಕ್ಕ. ಆಮೇಲೆ ಜನ ಸೀರೆಯನ್ನೂ ಫೋನಿನಲ್ಲೇ ತರಿಸಿಕೊಳ್ಳಲು ಕಲಿತರು. ಒಂದು ದಿನ ಗಂಟು ಅಟ್ಟಕ್ಕೇರಿತು, ಕಾಕು ಟಿ.ವಿ. ಮುಂದಿನ ಮಂಚಕ್ಕಿಳಿದರು.

"ಕಾಕು, ಸ್ವಲ್ಪ ಅಡ್ಡಾಡ್ರಿ, ಹೀಂಗ ಕುಂತರ ಹೆಂಗ?" ಎಂದರೆ ಅವರ ಉತ್ತರ ಸಿದ್ಧವಿರುತ್ತಿತ್ತು. "ನಾ ಇನ್ನೂ ನಡೀಬೇಕೇನವ್ವಾ? ಮುಂದಿನ ಜನ್ಮಕ್ಕೂ ಸಾಕಾಗೂವಷ್ಟು ನಡದಿಟ್ಟೀನಿ." ಉಪ್ಪಿನಕಾಯಿ ಹಾಕಿಟ್ಟವರ ಧಾಟಿಯಲ್ಲೇ ಅವರು 'ನಡದಿಟ್ಟೀನಿ' ಎನ್ನುತ್ತಿದ್ದರು. ಜಾಡಿ ತುಂಬಿದೆ, ಬೇಕಾದಾಗ ತೆಗೆದುಕೊಂಡರಾಯಿತು ಎಂಬಂತೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ಕೇಳಿದರೆ, "ಗೋಡಿ ಬಣ್ಣ ನೋಡಾಕತ್ತಿದ್ನಿ" ಎನ್ನುವರು. ಆ ಗೋಡೆಯಲ್ಲಿ ನೋಡುವಂಥ ಬಣ್ಣ ಉಳಿದು ಯಾವ ಕಾಲವಾಗಿತ್ತೋ.

ಇಂಥ ಕಾಕುವಿಗೆ ವರ್ಷದಲ್ಲಿ ಒಂದು ಹಬ್ಬವೆಂದರೆ ಪ್ರಾಣ. ಯುಗಾದಿಯಲ್ಲ, ಪಂಚಮಿಯಲ್ಲ. ಬತುಕಮ್ಮ. ತಂಗಡಿ ಹೂವು, ಚೆಂಡು ಹೂವನ್ನು ತಟ್ಟೆಯಲ್ಲಿ ಗೋಪುರದಂತೆ ಒಟ್ಟಿ, ಅಂಗಳದ ನಡುವೆ ಇಟ್ಟು, ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತ, ಬಾಗಿ ಏಳುತ್ತ, ಹಾಡುತ್ತ ಸುತ್ತುವ ಹಬ್ಬ. ಒಂದು ಮಾತು ತೆಲುಗು ಬಾರದ ಕಾಲದಲ್ಲಿ ಕಾಕು ಸೀರೆ ಗಂಟಿನೊಂದಿಗೆ ಯಾವುದೋ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದರಂತೆ. ಯಾರೋ ಗಿರಾಕಿ ಹೆಂಗಸು ಗಂಟನ್ನು ಕಿತ್ತು ಪಕ್ಕಕ್ಕಿಟ್ಟು ಇವರನ್ನು ಸುತ್ತಿನೊಳಗೆ ಎಳೆದುಕೊಂಡಳು. "ಅವತ್ತ ಈ ಊರು ನಂದಾತು ನೋಡು" ಎನ್ನುತ್ತಿದ್ದರು. ಅಂದಿನಿಂದ ಅವರು ಒಂದು ವರ್ಷವೂ ಸುತ್ತು ತಪ್ಪಿಸಿದವರಲ್ಲ. ನಮ್ಮ ಕಾಲೊನಿಯಲ್ಲಿ ಮೊದಲ ಚಪ್ಪಾಳೆಯೂ ಅವರದೇ. ಕನ್ನಡದವಳು ಬಂದು ಶುರು ಮಾಡಬೇಕೇ ಎಂದು ಯಾರೂ ಅಂದವರಿಲ್ಲ, ಅನ್ನುವ ಧೈರ್ಯವೂ ಇರಲಿಲ್ಲ.

ಆ ವರ್ಷ ಏನಾಯಿತೆಂದರೆ, ಕಾಕು ಕೆಲವು ಸುತ್ತು ಹಾಕಿದವರೇ ಕುಂಟುತ್ತ ಹೊರಗೆ ಬಂದರು. ಮೀನಖಂಡ ಹಿಡಿದುಕೊಂಡಿತ್ತು. ಸುತ್ತಿನ ಹೊರಗೆ ವಯಸ್ಸಾದವರಿಗೆಂದು ಪ್ಲಾಸ್ಟಿಕ್ ಕುರ್ಚಿಗಳ ಸಾಲು ಇಟ್ಟಿರುತ್ತಾರೆ. ಯಾವಳೋ ಹೊಸ ಸೊಸೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಒಂದು ಕುರ್ಚಿ ಎಳೆದು "ಕೂಸೋ ಪೆದ್ದಮ್ಮಾ, ಕೂಸೋ" ಎಂದು ಭುಜ ಹಿಡಿದು ಕೂರಿಸಿದಳು. ಕೈಗೆ ನೀರಿನ ಬಾಟಲಿಯನ್ನೂ ಕೊಟ್ಟಳು. ಸುತ್ತು ಒಂದು ಕ್ಷಣವೂ ನಿಲ್ಲಲಿಲ್ಲ. ಕಾಕು ಬಿಟ್ಟ ಜಾಗ ಮುಚ್ಚಿಹೋಯಿತು, ಚಪ್ಪಾಳೆ ನಡೆದೇ ಇತ್ತು.

ಮರುದಿನ ಸಂಜೆ ಅವರು ನನ್ನ ರಟ್ಟೆ ಒತ್ತಲಿಲ್ಲ. ಅದನ್ನು ನೋಡಿಯೇ ನನಗೆ ಗಾಬರಿಯಾಯಿತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಂದರು, "ಸುತ್ತಿನ್ಯಾಗ ಇದ್ರ, ಎಲ್ಲಿ ಹೋದ್ಲಿಕಿ ಅಂತ ಮಂದಿ ಹುಡುಕತಾರ, ಕಾಯತಾರ. ಕುರ್ಚಿ ಮ್ಯಾಲ ಕುಂತಾಕಿನ್ನ ಯಾರ ಕಾಯತಾರ ಶೋಭಾ? ಕುರ್ಚಿ ಮ್ಯಾಲ ಇದ್ದದ್ದ ಇದ್ದೇ ಇರತೈತಿ." ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ಆ ಕಣ್ಣಲ್ಲಿ ನೀರು ಮೊದಲ ಸಲ ನೋಡಿದ್ದು ಆವತ್ತೇ. "ಮುಂದಿನ ಬತುಕಮ್ಮಕ್ಕ ನಾ ಸುತ್ತಿನ್ಯಾಗ ಇರಬೇಕ. ಇಲ್ಲಾಂದ್ರ ಅಂಗಳಕ್ಕ ಇಳಿಯೂದ ಇಲ್ಲ."

ಡಾಕ್ಟರ ಬಳಿ ಹೋಗಲು ಒಪ್ಪಿದರು. ಜೊತೆಗೆ ಕಾಕಾ ಹೋದರು. ಕಿವಿ ಮಂದವಾದ ಕಾಕಾ ಹೋದದ್ದೇ ತಪ್ಪಾಯಿತು. ಆ ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಕಟ್ಟಡದ ತುಂಬ ಹೂರಣದ ವಾಸನೆ. ಕಾಕು ತಟ್ಟೆ ಹಿಡಿದು ಎಲ್ಲ ಮನೆಗೂ ಹೋಳಿಗೆ ಹಂಚುತ್ತಿದ್ದರು.

"ಏನ್ರಿ ಕಾಕು, ಏನ್ ವಿಶೇಷ?"

"ಡಾಕ್ಟರಮ್ಮ ಖುದ್ದ ಹೇಳಿದ್ಲು, ಮೀ ನರಾಲು ಗಟ್ಟಿಪಡ್ಡಾಯಮ್ಮಾ ಅಂತ! ಈ ವಯಸ್ಸಿನ್ಯಾಗ ಯಾರ ನರ ಗಟ್ಟಿ ಇರತಾವ ಹೇಳು? ನೀ ನೋಡಿದ್ರ ಮೂವತ್ತಕ್ಕ ಇಡ್ಲಿ. ನಾನೂ ಅಂದೆ, ಮೊದಲಿಂದಾನೂ ನಾ ಗಟ್ಟೀನ ಅದೀನಿ ಅಂತ. ಆಕಿ ಹಣಿ ಹಣಿ ಬಡಕೊಂಡ್ಲು, ಖುಷೀಲೆ."

"ಮತ್ತ ಕಾಲು ನೋವಿಗೆ ಏನಂದ್ರು?"

"ಗುಳಿಗಿ ಕೊಟ್ಟಾಳ. ಆಮ್ಯಾಲ 'ಇಂಕ ನಡವಂಡಿ' ಅಂದ್ಲು. ನಡೀರಿ ಅಂದ ಮ್ಯಾಲ ಯಾಕ ಕುಂದರಬೇಕು, ಎದ್ದು ಬಂದ್ವಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೆಲುಗಿನಲ್ಲಿ 'ಗಟ್ಟಿಪಡ್ಡಾಯಿ' ಎಂದರೆ ಪೆಡಸಾಗಿವೆ ಎಂದು, ಅದು ಹೊಗಳಿಕೆಯಲ್ಲ, ಕಾಯಿಲೆ. 'ನಡವಂಡಿ' ಎಂದರೆ ನಡಿಗೆ ಮಾಡಿ ಎಂದು. ನಮ್ಮ ಕಡೆ 'ನಡೀರಿ' ಎಂದರೆ ಇನ್ನು ಹೊರಡಿ ಎಂದು. ಕಾಕು ತೆಲುಗು ಬಾರದವರಲ್ಲ, ತೆಲುಗಿನಲ್ಲಿ ಚೌಕಾಸಿ ಮಾಡಿ ಅರ್ಧ ಊರಿಗೆ ಸೀರೆ ಮಾರಿದವರು. ಆದರೆ ಆವತ್ತು ಡಾಕ್ಟರು ಹೇಳಿದ್ದರಲ್ಲಿ ತಮಗೆ ಬೇಕಾದಷ್ಟನ್ನು ಕನ್ನಡದಲ್ಲಿ ಕೇಳಿಸಿಕೊಂಡಿದ್ದರು. ನಾನು ಹೋಳಿಗೆ ತಿನ್ನುತ್ತಲೇ ನಿಧಾನವಾಗಿ ಹೇಳಿದೆ. ನಂಬಲಿಲ್ಲ. "ನಿಂದು ಹೊಟ್ಟಿಕಿಚ್ಚು" ಎಂದು ತಟ್ಟೆ ಕಸಿದುಕೊಂಡು ಹೋದರು.

ಕಾಲು ಮಾತ್ರ ಹೋಳಿಗೆಗೆ ಬಗ್ಗಲಿಲ್ಲ. ಹಾಲಿನಂಗಡಿಗೆ ಹೋಗಿಬರುವುದರೊಳಗೆ ನೋವು ಹಿಡಿಯುವಂತಾದಾಗ ಕಾಕು ತಾವಾಗಿಯೇ ನನ್ನನ್ನು ಕರೆದರು. ಈ ಸಲ ಜೊತೆಗೆ ನಾನು ಹೋದೆ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆ ದೊಡ್ಡದು. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿದರು, ಆಮೇಲೆ ಪಾದದ ಮೇಲ್ಗಡೆಗೂ ಪಟ್ಟಿ ಕಟ್ಟಿದರು. ಕಾಕು ನನ್ನ ಕಿವಿಯಲ್ಲಿ, "ಕಾಲಿಗೂ ಬಿ.ಪಿ. ಇರತೈತೇನ? ಯಾಮಾರಸಾಕತ್ತಾಳ ಬಿಡು" ಎಂದರು. ಕೈಗೂ ಕಾಲಿಗೂ ಹೋಲಿಸಿ ನೋಡಿದರೆ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದಂತೆ. ಇಳಿಯುತ್ತಿರಲಿಲ್ಲ. "ನಡೆದಿರಾ ಅಮ್ಮಾ?" ಎಂದು ಕೇಳಿದರು. "ಎಲ್ಲಿಗಿ?" ಎಂದರು ಕಾಕು.

ಆಗ ಎಲ್ಲವೂ ಹೊರಬಿತ್ತು. ಹೋಳಿಗೆಯ ಸಂಗತಿಯನ್ನೂ ನಾನೇ ಹೇಳಿದೆ, ಹೇಳದೆ ಇರುವುದು ನನ್ನಿಂದಾಗಲಿಲ್ಲ. ಡಾಕ್ಟರಮ್ಮ ಮೇಜಿಗೆ ಹಣೆ ಹಚ್ಚಿ ನಕ್ಕರು. ನಕ್ಕು ಮುಗಿಸಿ, ಕಾಕುವಿನ ಕೈಹಿಡಿದು ತಿಳಿಸಿ ಹೇಳಿದರು. ನಮ್ಮ ಮಾತಿನಲ್ಲಿ ರಕ್ತ ಹರಿಯುವುದೂ ನರ, ಚುರುಗುಟ್ಟುವುದೂ ನರ. ಇಲ್ಲಿ ಮಾತು ರಕ್ತದ ನಾಳಗಳದ್ದು. ಎದೆ ಬಡಿದಾಗೆಲ್ಲ ಅವು ಹಿಗ್ಗಿ ಕುಗ್ಗಬೇಕು. ವಯಸ್ಸಾದ ಹಾಗೆ ಅವುಗಳ ಗೋಡೆ ಬಿರುಸಾಗುತ್ತ ಹೋಗುತ್ತದೆ, ಹಿಗ್ಗಲಾರದೆ ಬಿ.ಪಿ. ಏರುತ್ತದೆ. ಕಾಕುವಿನ ಕಾಲಿನಲ್ಲಿ ಒಳಗಿನ ದಾರಿಯೂ ಸಣ್ಣಗಾಗಿದೆ. ಅದಕ್ಕೇ ನಡೆದಾಗ ಮೀನಖಂಡ ರಕ್ತ ಸಾಲದೆ ಕೂಗುತ್ತದೆ. ಅದಕ್ಕೆ ಮದ್ದೂ ನಡಿಗೆಯೇ. ನಡೆದಾಗ ರಕ್ತ ರಭಸದಿಂದ ಹರಿದು ನಾಳದ ಒಳಪದರವನ್ನು ಸವರುತ್ತದೆ, ಆ ಪದರ ಎಚ್ಚೆತ್ತು ನಾಳವನ್ನು ಸಡಿಲ ಬಿಡುತ್ತದೆ. ಕೂತೇ ಇರುವವರಲ್ಲಿ ಅದು ತೂಕಡಿಸುತ್ತದೆ.

"ಹಂಗಾದ್ರ ಅಷ್ಟು ವರ್ಷ ನಡದೆನಲ್ಲ, ಅದೆಲ್ಲಾ ಎಲ್ಲಿ ಹೋತು?" ಕಾಕು ನಿಜವಾಗಿ ನೊಂದಿದ್ದರು. ಜಾಡಿ ಖಾಲಿ ಎಂದು ಯಾರೋ ಮುಚ್ಚಳ ತೆಗೆದು ತೋರಿಸಿದಂತಾಗಿತ್ತು.

ಡಾಕ್ಟರಮ್ಮ ಅಂದರು, ಅದು ವ್ಯರ್ಥವಾಗಲಿಲ್ಲ, ಇಷ್ಟು ಕಾಲ ನಿಮ್ಮನ್ನು ಕಾಪಾಡಿತು. ಆದರೆ ಹೋದ ವಾರ ಮಾಡಿದ ಸ್ನಾನ ಈ ವಾರಕ್ಕಾಗುತ್ತದೆಯೇ ಅಮ್ಮಾ? ನಡಿಗೆಯನ್ನೂ ದಿನಾ ಮಾಡಬೇಕು.

ಕಾಕು ನನ್ನ ಕಡೆ ತಿರುಗಿದರು. "ಅಂದ್ರ ಮನಿಶಾ ಗಟ್ಟಿ ಇರಬೇಕು, ನರ ಮೆತ್ತಗ ಇರಬೇಕು. ಹಂಗ ಬಿಡಿಸಿ ಹೇಳಬಾರದೇನ ಮೊದಲ? ಇಷ್ಟ ಹೋಳಿಗಿ ಹಂಚಿಬಿಟ್ಟೆ, ಈಗ ವಾಪಸ್ ಕೇಳಾಕ ಬರತೈತೇನು?"

ಡಾಕ್ಟರ ಅಪ್ಪಣೆ ಹೀಗಿತ್ತು. ಗುಳಿಗೆ ತಪ್ಪಿಸಬಾರದು. ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ, ಕಾಕುವಿನ ಜೀವದ ಗೆಳತಿ ಮಿಸ್ರಿ, ಅಂದೇ ಬಂದ್. ನೋವು ಚೆನ್ನಾಗಿ ಹಿಡಿಯುವ ತನಕ ನಡೆಯಬೇಕು, ಹಿಡಿದಾಗ ನಿಲ್ಲಬೇಕು, ಬಿಟ್ಟ ಮೇಲೆ ಮತ್ತೆ ನಡೆಯಬೇಕು. ನೋವಿಗೆ ಹೆದರಿ ಮನೆ ಸೇರಬಾರದು. ಮಿಸ್ರಿಯ ಡಬ್ಬಿಯನ್ನು ಸಂಗಪ್ಪ ಕಾಕಾ ಅದೆಲ್ಲಿಗೆ ಎಸೆದರೋ, ಕೇಳಿದಾಗೆಲ್ಲ ಕಿವಿ ಇನ್ನಷ್ಟು ಮಂದ ಮಾಡಿಕೊಂಡರು. ನಡೆಯುವುದಕ್ಕೂ ಕಾಕು ಒಪ್ಪಿದರು. ಒಪ್ಪದ್ದು ಒಂದಕ್ಕೇ, ನಡುರಸ್ತೆಯಲ್ಲಿ ನಿಲ್ಲುವುದಕ್ಕೆ.

"ರಸ್ತಾದಾಗ ಕಂಬ ನಿಂತಂಗ ನಿಂತ್ರ ಮಂದಿ ಏನಂತಾರ? ಮುದುಕಿಗೆ ದಮ್ಮ ಹತ್ತೇತಿ ಅಂತಾರ. ಆಮ್ಯಾಲ ಒಬ್ಬಾಕಿ ಬಂದು ಕುರ್ಚಿ ಹಾಕತಾಳ."

ಮೊದಲ ದಿನ ಹಟಕ್ಕೆ ಬಿದ್ದು ನಿಲ್ಲದೆ ನಡೆದು, ತುಟಿ ಕಚ್ಚಿಕೊಂಡು, ಹಿಂದಿರುಗುವಾಗ ಆಟೋ ಹತ್ತಬೇಕಾಯಿತು. ಎರಡನೆಯ ದಿನ ನಾವು ಗಲ್ಲಿಯ ತಿರುವಿನ ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ನೋವು ಹಿಡಿಯಿತು. ಆ ಮರದಡಿ ಇಸ್ತ್ರಿ ಮಾಡುವ ಯಾದಮ್ಮನ ತಳ್ಳುಗಾಡಿ. ಕಾಕು ತಟ್ಟನೆ ಅತ್ತ ತಿರುಗಿ, ಬಲು ಕಾಳಜಿಯಿಂದ, "ಏಮಮ್ಮಾ ಯಾದಮ್ಮಾ, ಬಾಗುನ್ನಾವಾ?" ಎಂದು ನಿಂತುಬಿಟ್ಟರು. ಅಷ್ಟು ವರ್ಷದಲ್ಲಿ ಕಾಕು ಅವಳ ಯೋಗಕ್ಷೇಮ ಕೇಳಿದ್ದು ಅದೇ ಮೊದಲು. ಯಾದಮ್ಮ ಕೆಂಡದ ಪೆಟ್ಟಿಗೆ ಕೆಳಗಿಟ್ಟು ಸೊಸೆಯ ಕಥೆ ಶುರು ಮಾಡಿದಳು. ಕಾಕು ಹೂಂಗುಟ್ಟುತ್ತ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸಿದರು. ನೋವು ಬಿಟ್ಟ ಕೂಡಲೇ ಸೊಸೆ ಯಾವ ಸ್ಥಿತಿಯಲ್ಲಿದ್ದಳೋ ಅಲ್ಲೇ ಬಿಟ್ಟು, "ರೇಪು ಚೆಪ್ಪು" ಎಂದರು, ಉಳಿದದ್ದು ನಾಳೆ ಹೇಳು ಎಂದು. ನಾವು ಮುಂದಕ್ಕೆ ಹೊರಟೆವು. ದಿನವೂ ಸೊಸೆ ಅರ್ಧಕ್ಕೇ ನಿಲ್ಲುತ್ತಿದ್ದಳು.

ಮುಂದಿನ ನೋವು ಹಿಡಿಯುತ್ತಿದ್ದದ್ದು ಸಾಹೇಬರ ಗೇಟಿನಲ್ಲಿ. ಯೂನಿವರ್ಸಿಟಿಯಲ್ಲಿ ಪಾಠ ಹೇಳಿ ನಿವೃತ್ತರಾದ, ಮಲ್ಲಿಗೆ ಬಳ್ಳಿಯ ಕೆಳಗೆ ಉರ್ದು ಪೇಪರು ಹಿಡಿದು ಕೂರುವ ಹಿರಿಯರು. ಅವರ ಜೊತೆ ನಿಲ್ಲಲು ಕಾಕು ಹೂಡಿದ ನೆಪ ಮಲ್ಲಿಗೆ. ಮೊದಲು ಗಿಡದ ಆರೋಗ್ಯ ವಿಚಾರಿಸಿದರು, ಆಮೇಲೆ ಸಾಹೇಬರದು, ಆಮೇಲೆ ದೇಶದ್ದು. ಕಾಕುವಿನ ದಖ್ಖನಿ ಉರ್ದು ಕೇಳಿ ಸಾಹೇಬರಿಗೆ ಹಿಗ್ಗು, 'ಆಪಾ ಆಪಾ' ಎಂದು ಅಕ್ಕನನ್ನು ಕಂಡಂತೆ ಎದ್ದು ನಿಲ್ಲುವರು. ಅವರ ಮನೆಯಿಂದ ನನಗೆ ಚಹಾ ಬಿಸ್ಕೀಟು ಬರುತ್ತಿತ್ತು. ಕಾಕು ನಿಂತು ನಿಂತು ನಡೆದರು, ನಾನು ನಿಂತಲ್ಲೆಲ್ಲ ತಿಂದೆ. ಹೀಗಾಗಿ ಆ ನಡಿಗೆಯಿಂದ ಇಬ್ಬರಲ್ಲಿ ಯಾರಿಗೆ ಏನು ಲಾಭವಾಯಿತು ಎಂಬುದನ್ನು ನನ್ನನ್ನು ಕೇಳದಿರುವುದೇ ಒಳ್ಳೆಯದು.

ಕಾಲೊನಿಯಲ್ಲಿ ಹೊಸ ಹೆಸರಾಯಿತು. ನೀಲವ್ವಮ್ಮ ಎಷ್ಟು ಮಾತಿನ ಮನುಷ್ಯಳು, ಎಷ್ಟು ಅಂತಃಕರಣ, ಗೇಟು ಗೇಟಿಗೆ ನಿಂತು ವಿಚಾರಿಸುತ್ತಾಳೆ ಎಂದು. ಮೀನಖಂಡದ ಮಾತು ಗೊತ್ತಿದ್ದದ್ದು ನನಗೆ, ಕಾಕಾಗೆ, ಡಾಕ್ಟರಮ್ಮನಿಗೆ. "ಬಾಯಿ ಬಿಟ್ಟಿಯಂದ್ರ ನೋಡು" ಎಂದು ಕಾಕು ನನಗೆ ಆಣೆ ಹಾಕಿದ್ದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಂಜೆ ವಿಚಿತ್ರವಾಯಿತು. ಬೇವಿನ ಮರ ಬಂತು, ಹೋಯಿತು. ಕಾಕು ನಿಲ್ಲಲಿಲ್ಲ. ಅವರಿಗೇ ಗೊತ್ತಾಗಿರಲಿಲ್ಲ, ಮಾತಿನ ಭರದಲ್ಲಿದ್ದರು. ಸಾಹೇಬರ ಗೇಟಿನ ಹತ್ತಿರ ಬಂದ ಮೇಲೆ ಹೌಹಾರಿ ತಿರುಗಿ ನೋಡಿದರು. "ಶೋಭಾ! ಯಾದಮ್ಮ ಎಲ್ಲಿ ಹೋದ್ಲ?" ಯಾದಮ್ಮ ಅಲ್ಲೇ ಇದ್ದಳು, ನಾವೇ ದಾಟಿ ಬಂದಿದ್ದೆವು. ಕಾಕು ರಸ್ತೆಯ ನಡುವೆ ನಿಂತು, ಯಾರು ಏನಂದುಕೊಂಡಾರು ಎಂಬುದನ್ನು ಮರೆತು, ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ನಿಧಾನಕ್ಕೆ ಸಾಹೇಬರ ಗೇಟೂ ಹಿಂದೆ ಬಿತ್ತು. "ಕ್ಯಾ ಆಪಾ, ಇತ್ತಾ ಜಲ್ದೀ ಕೈಕೂ?" ಎಂದು, ಇಷ್ಟು ಅವಸರ ಯಾಕೆಂದು, ಅವರು ಪೇಪರು ಇಳಿಸಿ ಕೇಳುವಷ್ಟರಲ್ಲಿ ಕಾಕು ಸಲಾಮು ಹೊಡೆದು ಮುಂದೆ ಹೋಗಿರುತ್ತಿದ್ದರು. ನನ್ನ ಬಿಸ್ಕೀಟು ತಪ್ಪಿತು. ಕೊನೆಗೆ ಯೂನಿವರ್ಸಿಟಿಯ ಗೇಟಿನ ತನಕ ಒಂದೇ ಉಸುರಿಗೆ. ಡಾಕ್ಟರಮ್ಮ ಮತ್ತೆ ಕಾಲಿಗೆ ಪಟ್ಟಿ ಕಟ್ಟಿ ನೋಡಿ, ನಾಳಗಳು ಪೂರ್ತಿ ಹೊಸದಾಗಿಲ್ಲ, ಆಗುವುದೂ ಇಲ್ಲ, ಆದರೆ ಕಾಲಿಗೆ ಮೊದಲಿಗಿಂತ ಒಳ್ಳೆಯ ಸರಬರಾಜು ಇದೆ, ಬಿ.ಪಿ.ಯೂ ಇಳಿದಿದೆ, ನಡಿಗೆ ಮಾತ್ರ ಬಿಡಬೇಡಿ ಎಂದರು. "ಹೋಳಿಗೆ ಮಾಡಬಹುದಾ?" ಎಂದು ಕಾಕು ಕೇಳಿದರು. "ಈಗ ಮಾಡಿ, ನನಗೂ ಕೊಡಿ" ಎಂದರು ಡಾಕ್ಟರಮ್ಮ.

ಬತುಕಮ್ಮದ ಕೊನೆಯ ದಿನ ಬಂತು. ಆಳೆತ್ತರದ ಹೂವಿನ ಗೋಪುರಗಳು ಅಂಗಳಕ್ಕಿಳಿದವು. ಕಾಕು ಪೆಟ್ಟಿಗೆಯಿಂದ ಹಸಿರು ಇಳಕಲ್ಲ ತೆಗೆದುಟ್ಟಿದ್ದರು. ಮುಖ ಬಿಗಿದಿತ್ತು. ಕುರ್ಚಿಗಳ ಸಾಲಿನ ಮುಂದೆ ಹೋಗುವಾಗ ಅತ್ತ ನೋಡದೆ ಹೋದರು. ಮೊದಲ ಚಪ್ಪಾಳೆ ಬಿತ್ತು.

ನಾನು ಅವರ ಮುಖ ನೋಡಲಿಲ್ಲ, ಕಾಲೇ ನೋಡುತ್ತಿದ್ದೆ. ಮೀನಖಂಡ ಎಲ್ಲಿ ಹಿಡಿಯುತ್ತದೋ ಎಂದು ಒಂದೊಂದೇ ಸುತ್ತು ಎಣಿಸುತ್ತಿದ್ದೆ. ಸುತ್ತಿನ ಮೇಲೆ ಸುತ್ತು ಆಯಿತು. ಹಾಡು ಬದಲಾಯಿತು. ಹೋದ ವರ್ಷ ಹೊರಬಂದ ಹೊತ್ತು ದಾಟಿತು. ಒಮ್ಮೆ ಕಾಕು ಗಕ್ಕನೆ ನಿಂತರು. ಅವರು ಸೆರಗು ಜಗ್ಗಿ ಸೊಂಟಕ್ಕೆ ಬಿಗಿದುಕೊಂಡು ಮತ್ತೆ ಚಪ್ಪಾಳೆಗೆ ಬಾಗಿದರು. ಆ ಒಂದು ಗಳಿಗೆ ಹಿಂದಿನವಳು ಮುಂದೆ ಹೋಗಲಿಲ್ಲ, ಅವರಿಗಾಗಿ ನಿಂತಳು. ಇಡೀ ಸುತ್ತು ಅವರಿಗಾಗಿ ತಡೆದು, ಅವರೊಂದಿಗೆ ಮತ್ತೆ ಹೊರಟಿತು. ನಾನು ಅಳುತ್ತಿದ್ದೆ ಅಂತ ಕಾಣುತ್ತದೆ. ಆಮೇಲೆ ನೋಡಿದರೆ, ಅಯ್ಯೋ ದೇವರೇ, ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಯಾವಾಗ ಕೂತೆನೋ ಗೊತ್ತಿಲ್ಲ, ನೀರಿನ ಬಾಟಲಿಯೂ ಕೈಯಲ್ಲಿತ್ತು.

ಹಾಡು ಮುಗಿದ ಮೇಲೆ ಕಾಕು ಬೆವರೊರೆಸಿಕೊಳ್ಳುತ್ತ ಬಂದು, ಎಲ್ಲರ ಎದುರಿಗೇ ನನ್ನ ರಟ್ಟೆ ಒತ್ತಿ, "ಏಳ ಮುದುಕಿ, ಕುರ್ಚಿ ಬೇಕಾದವರು ಭಾಳ ಮಂದಿ ಅದಾರ" ಎಂದರು.

ಹಬ್ಬ ಕಳೆದ ಮೇಲೂ ನಡಿಗೆ ನಡೆದಿತ್ತು. ಕೆಲವು ದಿನಗಳಾದ ಮೇಲೆ ನಾನು ಒಂದು ಸಂಗತಿ ಗಮನಿಸಿದೆ. ಕಾಕು ಮತ್ತೆ ಬೇವಿನ ಮರದ ಹತ್ತಿರ ನಿಲ್ಲತೊಡಗಿದ್ದರು. ಆಮೇಲೆ ಸಾಹೇಬರ ಗೇಟಿನಲ್ಲಿಯೂ. ದಿನವೂ ನೋಡಿದೆ, ದಿನವೂ ನಿಂತರು. ನೋವು ತಿರುಗಿ ಬಂದಿದೆ, ಮುಚ್ಚಿಡುತ್ತಿದ್ದಾರೆ, ಮುಂದಿನ ಬತುಕಮ್ಮಕ್ಕೆ ಏನು ಗತಿ ಎಂದು ನನಗೆ ನಿದ್ದೆ ಬರದಂತಾಯಿತು. ಒಂದು ಸಂಜೆ ಸಾಹೇಬರ ಗೇಟು ದಾಟಿದ ಕೂಡಲೇ ಅವರ ಕೈ ಹಿಡಿದು ನಿಲ್ಲಿಸಿದೆ.

"ಖರೇ ಹೇಳ್ರಿ ಕಾಕು. ಕಾಲು ಮತ್ತ ಹಿಡಿಯಾಕತ್ತೈತೇನು? ನಡೀರಿ, ನಾಳೆನ ಡಾಕ್ಟರ್ ಕಡೆ ಹೋಗೂಣು."

ಕಾಕು ನನ್ನನ್ನೇ ನೋಡಿದರು. ಆಮೇಲೆ ಸಾಹೇಬರ ಗೇಟಿನತ್ತ ಗದ್ದ ಎತ್ತಿ ತೋರಿಸಿದರು. ಅವರು ಇನ್ನೂ ಗೇಟಿಗೆ ಆತುಕೊಂಡು ನಮ್ಮತ್ತಲೇ ನೋಡುತ್ತ ನಿಂತಿದ್ದರು.

"ಕಾಲಿಗೆ ಏನೂ ಆಗಿಲ್ಲ ಹುಚ್ಚಿ. ಮೊನ್ನೆ ಯಾದಮ್ಮ ಕೇಳಿದ್ಲು, ನಾ ಮೀದ ಕೋಪಮೊಚ್ಚಿಂದಾ ಅಂತ. ನನ ಮ್ಯಾಲ ಸಿಟ್ಟಿಗೆದ್ದೀರಿ ಏನಂತ. ಆಕಿ ಕಣ್ಣಾಗ ನೀರು. ನಾ ನಿಂತದ್ದು ನನ್ನ ನೋವಿಗೆ. ಅದು ಆಕಿಗೇನು ಗೊತ್ತು? ಆಕಿ ದಿನಾ ಕಾಯಾಕತ್ತಿದ್ಲು." ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ಅಂದರು, "ಕಾಯೂವರು ಅದಾರ ಅಂದ ಮ್ಯಾಲ ಹೆಂಗ ದಾಟಿ ಹೋಗೂದು?"

ಅಲ್ಲಿಂದ ಮುಂದೆ ಹಲವು ವರ್ಷ ಹಾಗೇ ನಡೆಯಿತು. ನಿಂತ ಹೊತ್ತನ್ನು ಸರಿದೂಗಿಸಲು ನಡುವಿನ ರಸ್ತೆಯಲ್ಲಿ ಅವರು ಎಷ್ಟು ಬಿರುಸಾಗಿ ನಡೆಯುತ್ತಿದ್ದರೆಂದರೆ ನಾನು ಏದುಸಿರು ಬಿಡುತ್ತ ಹಿಂದೆ ಓಡಬೇಕಿತ್ತು. ಪ್ರತಿ ಬತುಕಮ್ಮಕ್ಕೂ ಮೊದಲ ಚಪ್ಪಾಳೆ ಅವರದೇ. ಕುರ್ಚಿಯ ಮೇಲೆ ಅವರು ಮತ್ತೆ ಕೂತದ್ದನ್ನು ಯಾರೂ ನೋಡಲಿಲ್ಲ. ಒಂದು ಚಳಿಗಾಲ ಜ್ವರ ಬಂದು ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನವೂ ನಡೆದು ಬಂದಿದ್ದರು. ಅಲ್ಲಿಂದ ಅವರು ಮನೆಗೆ ತಿರುಗಿ ಬಂದದ್ದು ನಾಲ್ಕು ಜನರ ಕೈಯಲ್ಲಿ.

ಅಂದು ಮೆಟ್ಟಿಲು ತುಂಬ ಜನ. ಯಾದಮ್ಮ ಇಸ್ತ್ರಿಯ ಕೆಂಡ ಆರಿಸಿ ಓಡಿ ಬಂದಿದ್ದಳು. ಕಾಕುವಿನ ಪಾದ ಹಿಡಿದು, "ನಾ ಕೋಸಮೇ ಆಗೇದಮ್ಮಾ ರೋಜೂ" ಎಂದು ಅತ್ತಳು. ನನಗಾಗಿಯೇ ದಿನಾ ನಿಲ್ಲುತ್ತಿದ್ದಳು ಎಂದು. ಸಾಹೇಬರು ಕೋಲೂರಿಕೊಂಡು ಎರಡು ಅಂತಸ್ತು ಹತ್ತಿ ಬಂದಿದ್ದರು. ಉಸಿರು ತಿರುಗಲು ಗೋಡೆಗೆ ಒರಗಿ ನಿಂತು, "ನಹೀ ಅಮ್ಮಾ, ಮೇರೇ ವಾಸ್ತೇ ಠೈರ್ತೇ ಥೇ" ಎಂದರು, ನಿಲ್ಲುತ್ತಿದ್ದದ್ದು ನನಗಾಗಿ ಎಂದು. ಅವರ ಗಡ್ಡ ತೊಯ್ದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ದಿನವೂ ಜೊತೆಗಿದ್ದವಳು ನಾನಲ್ಲವೇ, ಯಾರದು ನಿಜವೆಂದು ನಾನೇ ಹೇಳಬೇಕಿತ್ತು. ಮೂಲೆಯಲ್ಲಿ ಕೂತಿದ್ದ ಸಂಗಪ್ಪ ಕಾಕಾ ಕೂಡ ಕೇಳಿಸಿಕೊಳ್ಳಲು ಮುಖ ಎತ್ತಿದರು.

"ಇಬ್ಬರಿಗಾಗಿಯೂ ನಿಲ್ಲುತ್ತಿದ್ದರು" ಎಂದು ಮೊದಲು ತೆಲುಗಿನಲ್ಲಿ ಹೇಳಿದೆ, ಆಮೇಲೆ ಹಿಂದಿಯಲ್ಲಿ. ಕೊನೆಗೆ ಕಾಕಾನ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ಮೂರು ಭಾಷೆಯಲ್ಲಿಯೂ ನಾನು ಸುಳ್ಳಾಡಲಿಲ್ಲ.